ಹೆಬ್ಬೆರಳಿಲ್ಲದ ಬಿಲ್ಲೆ

ಹೆಸರಿನ ಮನೆಯವರು ಏಳು ತಲೆಮಾರಿನಿಂದ ಆ ಪಟ್ಟಣದಲ್ಲಿ ಮರ್ಯಾದಸ್ಥರು. ಅವರ ಜಗಲಿ ಹತ್ತಿದ ಯಾರೂ ತಲೆ ತಗ್ಗಿಸಿಕೊಂಡು ಇಳಿದದ್ದಿಲ್ಲ. ಆ ಮನೆಯಲ್ಲಿ ಯಾರೂ ದನಿ ಏರಿಸಿ ಮಾತಾಡಿದ್ದಿಲ್ಲ, ಯಾರೂ ಪರರ ಗುಟ್ಟನ್ನು ಊಟದ ಎಲೆಯ ಮುಂದೆ ಆಡಿದ್ದಿಲ್ಲ. ಮದುವೆಯ ಚಪ್ಪರದಲ್ಲಿ ಅವರಿಗೆ ಮೊದಲ ಸಾಲು. ಸಾವಿನ ಮನೆಯಲ್ಲಿ ಅವರು ಬರುವ ತನಕ ಹೆಣ ಎತ್ತುತ್ತಿರಲಿಲ್ಲ. ಮನೆಯ ಹಿರಿಯಕ್ಕ ಇದನ್ನೆಲ್ಲ ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಕೇಳಿದರೆ ಇನ್ನಷ್ಟು ನಿಧಾನವಾಗಿ ಹೇಳುತ್ತಿದ್ದಳು. ಅವಳು ಬಿಳಿ ಉಡುಪಿನ ಸಿಸ್ಟರ್‌ಗಳ ಶಾಲೆಯಲ್ಲಿ ಕಲಿತವಳು. ಬೆನ್ನು ಗೋಡೆಗೆ ಆನಿಸದೆ ಕೂರುವುದನ್ನು, ಸೆರಗಿನ ಮಡಿಕೆ ಬೆರಳಿನಷ್ಟೇ ಅಗಲ ಇರುವಂತೆ ಉಡುವುದನ್ನು ಅಲ್ಲಿಯೇ ಕಲಿತಿದ್ದಳು, ಮರೆತಿರಲಿಲ್ಲ.

ಆ ಪಟ್ಟಣಕ್ಕೆ ಒಂದು ಕಟ್ಟಳೆ ಇತ್ತು. ಮೈಗೆ ಬಂದದ್ದಕ್ಕೆ ಮದ್ದು ಸಾಕು. ಮನಸ್ಸಿಗೆ ಬಂದದ್ದಕ್ಕೆ ಮೊದಲು ಹೆಸರು ಬೇಕು. ಹೆಸರಿಲ್ಲದ ನೋವು ಮನೆಯೊಳಗೆ ಅಲೆಯುತ್ತದೆ, ಪಾತ್ರೆ ಉರುಳಿಸುತ್ತದೆ, ನಿದ್ದೆ ಕದಿಯುತ್ತದೆ. ಹೆಸರು ಸಿಕ್ಕ ನೋವು ಕರೆದರೆ ಬಂದು ಕೂರುತ್ತದೆ. ಕೂತದ್ದರ ಜೊತೆ ಬದುಕಬಹುದು.

ಹೆಸರು ಕೊಡುವ ಕ್ರಮ ಒಂದೇ. ಎರಡು ಮಣೆ, ನಡುವೆ ಕಲ್ಲಿನ ಬೋಗುಣಿ, ಬೋಗುಣಿಯಲ್ಲಿ ಬೆಳಗಿನ ನೀರು. ಒಂದು ಮಣೆಯ ಮೇಲೆ ನೊಂದವರು, ಇನ್ನೊಂದರ ಮೇಲೆ ಹೆಸರು ಹೇಳುವವನು, ಮಂಡಿಗೆ ಮಂಡಿ ತಾಗುವಂತೆ. ಇಬ್ಬರೂ ಒಂದೊಂದು ಕೈಯನ್ನು ನೀರಿನಲ್ಲಿ ಇಡಬೇಕು. ಮಾತು ಬಂದರೆ ಮಾತು, ಬಾರದಿದ್ದರೆ ಸುಮ್ಮನೆ. ಒಬ್ಬರ ಕೈಯ ನಡುಕ ಅಲೆಯಾಗಿ ಇನ್ನೊಬ್ಬರ ಕೈಗೆ ಬರುತ್ತದೆ. ಹೀಗೆ ಏಳು ಬೆಳಗು. ಏಳನೆಯ ಬೆಳಗು, ಹಿರಿಯಕ್ಕ ನಾದಿಟ್ಟ ಜೇಡಿಮಣ್ಣಿನ ಬಿಲ್ಲೆಯ ಮೇಲೆ ಕಡ್ಡಿಯಿಂದ ಹೆಸರು ಬರೆದು, ಎಡಗಡೆ ಹೆಸರು ಹೇಳುವವನು ತನ್ನ ಹೆಬ್ಬೆರಳು ಒತ್ತುತ್ತಿದ್ದ. ಬಲಗಡೆ ನೊಂದವರು ತಮ್ಮದನ್ನು ಒತ್ತುತ್ತಿದ್ದರು. ಹೆಸರನ್ನು ಅವರ ಕಿವಿಯಲ್ಲಿ ಒಂದೇ ಸಲ ಹೇಳುವುದು. ಬಿಲ್ಲೆಯನ್ನು ಬಿಸಿಲಿನಲ್ಲಿ ಒಣಗಿಸಬೇಕು, ಬೆಂಕಿಯಲ್ಲಿ ಸುಡಬಾರದು. ಮನಸ್ಸಿಗೆ ಕೊಟ್ಟ ಹೆಸರು ಕಲ್ಲಾಗಬಾರದು ಎಂದು ಹಿಂದಿನವರು ಹಾಗೆ ಮಾಡಿದ್ದರು. ಎರಡು ಹೆಬ್ಬೆರಳು ಇದ್ದರೆ ಅದು ಹೆಸರು. ಒಂದೇ ಇದ್ದರೆ ಬರೀ ಮಣ್ಣು.

ಈಗ ಹೆಸರು ಹೇಳುವವನು ಹಿರಿಯಕ್ಕನ ತಮ್ಮ. ತಾಯಿ ಹೋದ ಮೇಲೆ ಅವಳೇ ಅವನನ್ನು ಸಾಕಿದ್ದಳು. ಮೊದಲ ಸಲ ಅವನ ಕೈಯನ್ನು ಆ ಬೋಗುಣಿಯಲ್ಲಿ ಹಿಡಿದು ಇಟ್ಟವಳೂ ಅವಳೇ. "ನಿನ್ನ ಕೈ ಅಲುಗಬಾರದು. ನೀನು ಅಲುಗಿದರೆ ನಿನ್ನನ್ನೇ ಓದುತ್ತೀಯ" ಎಂದು ಹೇಳಿಕೊಟ್ಟಿದ್ದಳು.

ಆ ಮಣೆಯ ಮೇಲೆ ಒಂದು ಕಾಲದಲ್ಲಿ ಗಂಟೆಯವಳು ಬಂದು ಕೂತಿದ್ದಳು. ಪಟ್ಟಣದ ಗೋಪುರದಲ್ಲಿ ಹೊತ್ತು ಹೊತ್ತಿಗೆ ಗಂಟೆ ಹೊಡೆಯುವ ಹೆಂಗಸು. ಕೆಲವು ವಾರ ಅವಳು ಬೆಳಕು ಮೂಡುವ ಮೊದಲೇ ಹೊಡೆಯಲು ಶುರುಮಾಡಿದರೆ ಪಾರಿವಾಳಗಳಿಗೆ ಕೂರಲು ಬಿಡುತ್ತಿರಲಿಲ್ಲ. ನಾಲ್ಕು ದಿನ ನಿದ್ದೆ ಬೇಡ, ಊಟ ಬೇಡ, ದಾರಿಯಲ್ಲಿ ಹೋಗುವವರಿಗೆಲ್ಲ ತನ್ನ ಸೀರೆ ಪಾತ್ರೆ ಹಂಚುವಳು. ಮತ್ತೆ ಒಂದು ತಿಂಗಳು ಗಂಟೆಗೆ ಕಂಬಳಿ ಸುತ್ತಿದ ಹಾಗೆ, ಕೇಳಿಸಿತೋ ಇಲ್ಲವೋ ಎನ್ನುವಂತೆ. ಏಳು ಬೆಳಗು ಕೂತು, ಕಿವಿಯಲ್ಲಿ ಹೆಸರು ಕೇಳಿದಾಗ ಅವಳು ನಕ್ಕುಬಿಟ್ಟಳು.

"ಇದಕ್ಕೆ ಹೆಸರಿದೆಯಾ? ಅಂದರೆ ನನಗಿಂತ ಮೊದಲೂ ಯಾರಿಗೋ ಬಂದಿತ್ತು."

"ತುಂಬ ಜನಕ್ಕೆ" ಎಂದ ಹೆಸರು ಹೇಳುವವನು.

"ಅವರೂ ಗಂಟೆ ಹೊಡೀತಿದ್ರಾ?"

"ಒಬ್ಬ ರೊಟ್ಟಿ ಸುಡುತ್ತಿದ್ದ."

"ಪಾಪ, ಆ ರೊಟ್ಟಿ ತಿಂದವರು" ಎಂದು ಅವಳು ಮತ್ತೆ ನಕ್ಕಳು. ಬಾಗಿಲಲ್ಲಿ ಬಿಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತ, "ಅಮ್ಮನವರೇ, ಇದನ್ನ ಎಲ್ಲಿ ಬಚ್ಚಿಡಲಿ?" ಎಂದು ಕೇಳಿದಳು.

ಹಿರಿಯಕ್ಕ ಹೇಳಿದ್ದು ಇಷ್ಟು: "ಬಚ್ಚಿಡುವಂಥದ್ದೂ ಅಲ್ಲ, ತೋರಿಸಿಕೊಂಡು ತಿರುಗುವಂಥದ್ದೂ ಅಲ್ಲ. ಯಾರಾದರೂ ನೇರವಾಗಿ ಕೇಳಿದರೆ ನೇರವಾಗಿ ಹೇಳು. ನಾಚಿಕೆ ಪಡುವ ಯಾವುದನ್ನೂ ಈ ಮನೆ ಕೊಡುವುದಿಲ್ಲ."

ಗಂಟೆಯವಳು ಹನ್ನೆರಡು ವರ್ಷ ಆ ಬಿಲ್ಲೆಯೊಂದಿಗೆ ಬಾಳಿದಳು. ಅದು ಬಂದಾಗ ಹೆಸರು ಹಿಡಿದು ಕರೆಯುವಳು, ಅದು ಕೂರುವುದು. ಕಷ್ಟದ ವಾರಗಳಲ್ಲಿ ತಾನೇ ಬಂದು ಮಣೆಯ ಮೇಲೆ ಕೂರುವಳು, ಕುಡಿಯಲು ಹೇಳಿದ ಕಷಾಯ ಕುಡಿಯುವಳು, ಹೋಗುವಳು. ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸಿತು. ಜನ ಅದನ್ನು ಕೇಳಿ ಎದ್ದರು, ಉಂಡರು, ಅಂಗಡಿ ಮುಚ್ಚಿದರು. ಹೀಗೆ ಬಿಲ್ಲೆ ಇಟ್ಟುಕೊಂಡವರು ಪಟ್ಟಣದಲ್ಲಿ ಇನ್ನೂ ಎಷ್ಟೋ ಮಂದಿ ಇದ್ದರು. ಯಾರು ಯಾರೆಂದು ಹೆಸರಿನ ಮನೆಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಮುಖಂಡ ಬಂದ.

ಪಟ್ಟಣದವರೇ ಮೈದಾನದಲ್ಲಿ ಕೈಯೆತ್ತಿ ಅವನನ್ನು ಆರಿಸಿದ್ದರು. ಮೊದಲ ವರ್ಷ ಅವನು ಜನರ ನಡುವೆ ನಡೆದ. ಎರಡನೆಯ ವರ್ಷ ಗುಡ್ಡದ ಮೇಲಿನ ಮಹಡಿಯ ಮನೆಗೆ ಹೋದ, ಕೆಳಗೆ ಇಳಿಯಲಿಲ್ಲ. ಸಂತೆಯ ದಿನ ಉಪ್ಪರಿಗೆಗೆ ಬಂದು ಒಂದು ಬೀದಿಯ ಕಡೆ ಬೆರಳು ತೋರಿಸುತ್ತಿದ್ದ. "ಆ ಬೀದಿಯ ಕಿಟಕಿಗಳು ನನ್ನನ್ನು ನೋಡುತ್ತಿವೆ" ಎನ್ನುತ್ತಿದ್ದ. ಸಂಜೆಯೊಳಗೆ ಗಾರೆಯವರು ಬಂದು ಆ ಬೀದಿಯ ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚುತ್ತಿದ್ದರು. ಮೊದಲು ಬಳೆಗಾರರ ಬೀದಿ. ಆಮೇಲೆ ಕುಂಬಾರರ ಬೀದಿ. ಅಲ್ಲಿ ಕಿಟಕಿಯ ಪಕ್ಕದಲ್ಲೇ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬಳು ಇಟ್ಟಿಗೆಯ ಕಡೆ ಮುಖ ಮಾಡಿಯೇ ತೀರಿಕೊಂಡಳು. ಹನ್ನೊಂದು ಬೀದಿಗಳು ಹೀಗೆ ಕುರುಡಾದವು. ಮನೆಗಳೊಳಗೆ ಹಗಲಿಗೂ ದೀಪ, ಉಸಿರಿಗೂ ಹೊಗೆ.

ಹನ್ನೆರಡನೆಯ ಸಂತೆಗೆ ಮುಂಚೆ ಜನ ಹೆಸರಿನ ಮನೆಯ ಮುಂದೆ ನಿಂತರು. ಮುಂದೆ ಬಟ್ಟೆ ವ್ಯಾಪಾರಿ, ಅವನ ಪಕ್ಕದಲ್ಲಿ ಹಾಲಿನವಳು.

"ಅವನಿಗೆ ತಲೆ ಕೆಟ್ಟಿದೆ ಅಂತ ಒಬ್ಬರಾದರೂ ಹೇಳಬೇಕಲ್ಲ" ಎಂದ ಬಟ್ಟೆ ವ್ಯಾಪಾರಿ.

"ಒಬ್ಬರೇನು, ದಿನಾ ಎಮ್ಮೆ ಹಿಂಡುತ್ತಾ ನಾನೇ ಹೇಳ್ತೀನಿ" ಎಂದಳು ಹಾಲಿನವಳು. "ಎಮ್ಮೆ ತಲೆ ಆಡಿಸುತ್ತೆ. ಅಲ್ಲಿಗೆ ಮುಗೀತು."

"ನೀನು ಹೇಳಿದರೆ ಬೈಗುಳ. ಈ ಮನೆಯವರು ಹೇಳಿದರೆ ತೀರ್ಪು. ಕೆಳಗಿಳಿ ಅಂತ ಅವನಿಗೆ ಹೇಳೋಕೆ ಒಂದು ಆಧಾರ ಬೇಕು ನಮಗೆ."

ಹೆಸರು ಹೇಳುವವನ ಮುಖ ಕೆಂಪಾಗಿತ್ತು. ಕುಂಬಾರರ ಬೀದಿಯ ಅಜ್ಜಿ ಅವನನ್ನು ಎತ್ತಿ ಆಡಿಸಿದವಳು.

"ಅವನು ಮಣೆಯ ಮೇಲೆ ಕೂತಿಲ್ಲ" ಎಂದಳು ಹಿರಿಯಕ್ಕ.

"ಮೂರು ಸಲ ಹೇಳಿಕಳಿಸಿದೆ ಅಕ್ಕಾ. ಬರಲಿಲ್ಲ."

"ಬರದಿದ್ದರೆ ಹೆಸರಿಲ್ಲ."

"ಅವನು ಪ್ರತಿ ಸಂತೆಗೂ ಇಡೀ ಊರಿನ ಎದುರು ನಿಲ್ಲುತ್ತಾನೆ. ಅವನ ಕೈ ಹೇಗೆ ಆಡುತ್ತದೆ, ಮಾತು ಹೇಗೆ ಓಡುತ್ತದೆ, ಎಲ್ಲ ಕಾಣುತ್ತಿದೆ. ಕಂಡದ್ದನ್ನು ಹೇಳದಿದ್ದರೆ ನಮ್ಮ ವಿದ್ಯೆ ಯಾಕೆ? ಇನ್ನೂ ಎಷ್ಟು ಬೀದಿ ಮುಚ್ಚಲಿ?"

ಹಿರಿಯಕ್ಕನಿಗೆ ಉತ್ತರ ಗೊತ್ತಿತ್ತು. ಆದರೆ ಆಗಲೇ ಬಟ್ಟೆ ವ್ಯಾಪಾರಿ ಕೈಮುಗಿದು, "ಏಳು ತಲೆಮಾರಿನ ಮನೆ ತಾಯಿ. ನಿಮ್ಮ ಮನೆಯ ಒಂದು ಮಾತಿಗೆ ಇರುವ ತೂಕ ಗುಡ್ಡದ ಮೇಲಿನವನಿಗೂ ಇಲ್ಲ" ಎಂದ. ಹಿಂದೆ ನಿಂತವರೆಲ್ಲ ತಲೆಬಾಗಿದರು. ಜಗಲಿಯಿಂದ ಬೀದಿಯ ಕೊನೆಯವರೆಗೆ ಬಾಗಿದ ತಲೆಗಳು. ಅವಳ ಬೆನ್ನು ಇನ್ನೂ ಒಂದಿಷ್ಟು ನೆಟ್ಟಗಾಯಿತು. ಉತ್ತರ ಅವಳ ಬಾಯಿಗೆ ಬರಲಿಲ್ಲ. ಅವಳು ಒಳಗೆ ಹೋಗಿ ಮಣ್ಣು ನಾದಿದಳು.

ಸಂತೆಯ ದಿನ ಹೆಸರು ಹೇಳುವವನು ಬೋಗುಣಿಯನ್ನು ತಾರಸಿಗೆ ಹೊತ್ತುಕೊಂಡು ಹೋದ. ಅಲ್ಲಿಂದ ನೋಡಿದರೆ ದೂರದ ಉಪ್ಪರಿಗೆಯೂ, ಅದರ ಮೇಲೆ ನಿಂತ ಮುಖಂಡನೂ ನೀರಿನಲ್ಲಿ ಕಡ್ಡಿಯಷ್ಟು ಚಿಕ್ಕದಾಗಿ ಬೀಳುತ್ತಿದ್ದರು. ಎದುರಿನ ಮಣೆ ಖಾಲಿ. ಅವನು ತನ್ನ ಕೈಯನ್ನು ನೀರಿನಲ್ಲಿಟ್ಟು ಆ ಪ್ರತಿಬಿಂಬವನ್ನೇ ನೋಡುತ್ತ ಕೂತ. ಮುಖಂಡ ಬೆರಳೆತ್ತಿ ಹನ್ನೆರಡನೆಯ ಬೀದಿಯನ್ನು ತೋರಿಸಿದ. ನೀರು ನಡುಗಿತು. ಪ್ರತಿಬಿಂಬ ಮುರಿಯಿತು, ಕೂಡಿತು, ಮತ್ತೆ ಮುರಿಯಿತು. ಕೆಳಗೆ ಜನ ಕತ್ತೆತ್ತಿ ನೋಡುತ್ತಿದ್ದರು.

ಮಣ್ಣಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಹಿರಿಯಕ್ಕನಿಗೆ ಕಂಡಿತು, ಆ ನೀರಿನಲ್ಲಿ ಇದ್ದದ್ದು ಒಂದೇ ಕೈ. ನಡುಗುತ್ತಿದ್ದದ್ದು ಅವಳ ತಮ್ಮನ ಕೈ.

ಏಳು ಬೆಳಗಿಗೆ ಬದಲು ಒಂದು ಮಧ್ಯಾಹ್ನದಲ್ಲಿ ಅವನು ಎದ್ದ. ಬಿಲ್ಲೆಯ ಮೇಲೆ ಹೆಸರು ಬರೆದ, ಎಡಗಡೆ ತನ್ನ ಹೆಬ್ಬೆರಳು ಒತ್ತಿದ, ಬಲಗಡೆಯನ್ನು ಖಾಲಿ ಬಿಟ್ಟ. ತಾರಸಿಯ ಅಂಚಿಗೆ ಬಂದು ಹೆಸರನ್ನು ಕೂಗಿ ಹೇಳಿದ. ಅದರ ಲಕ್ಷಣಗಳನ್ನೂ ಹೇಳಿದ: ನಿದ್ದೆ ಇಲ್ಲದ ದಿನಗಳು, ನಿಲ್ಲದ ಮಾತು, ಆಮೇಲೆ ಬಾಗಿಲು ಹಾಕಿಕೊಂಡ ಮೌನ. "ಈ ಹೆಸರಿನವನ ಕೈಯಲ್ಲಿ ಒಂದು ಊರನ್ನು ಕೊಡಬಾರದು" ಎಂದ.

ಆ ಹೆಸರು ಯಾವುದೆಂದು ಈ ಕಥೆಯಲ್ಲಿ ಬರೆಯುವುದಿಲ್ಲ.

ಬಿಲ್ಲೆಯನ್ನು ಜನ ಸಂತೆಯ ಬಾಗಿಲಿಗೆ ನೇತುಹಾಕಿದರು. ಹೆಸರು ಒಂದು ದಿನದಲ್ಲಿ ಇಡೀ ಪಟ್ಟಣ ಸುತ್ತಿತು. ಉಪ್ಪರಿಗೆಯ ಕಡೆ ಮುಷ್ಟಿ ಎತ್ತಿ ಅದನ್ನು ಕೂಗಿದರು. ಗೋಡೆಯ ಮೇಲೆ ಬರೆದರು. ಒಂದು ವಾರ ಆಗುವಷ್ಟರಲ್ಲಿ ತೂಕ ಕಡಿಮೆ ಹಾಕಿದ ಅಂಗಡಿಯವನನ್ನೂ, ಸೊಸೆಯ ಜೊತೆ ಜಗಳವಾಡಿದ ಅತ್ತೆಯನ್ನೂ, ಒದೆಯುವ ಎಮ್ಮೆಯನ್ನೂ ಅದೇ ಹೆಸರಿನಿಂದ ಕರೆದರು. ಬಲಗಡೆಯ ಖಾಲಿ ಜಾಗಕ್ಕೆ ಯಾರ ಹೆಬ್ಬೆರಳಾದರೂ ಹೊಂದುತ್ತಿತ್ತು.

ಮುಂದಿನ ಸಂತೆಗೆ ಮುಖಂಡ ಉಪ್ಪರಿಗೆಗೆ ಬಂದ. ಈ ಸಲ ಅವನು ಬೀದಿಯ ಕಡೆ ಬೆರಳು ತೋರಿಸಲಿಲ್ಲ. ತನ್ನ ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ನಿಮ್ಮ ಬಿಲ್ಲೆಯಲ್ಲಿ ಇದರ ಗುರುತು ಇದೆಯಾ?"

ಜನ ಸಂತೆಯ ಬಾಗಿಲಿನ ಬಿಲ್ಲೆಯ ಕಡೆ ತಿರುಗಿದರು.

"ಇಲ್ಲ. ಹೋಗಲಿ. ಈ ಹೆಸರಿನವರು ಪಟ್ಟಣದ ಕೆಲಸಕ್ಕೆ ತಕ್ಕವರಲ್ಲ ಅಂತ ಹೆಸರಿನ ಮನೆಯವರೇ ಹೇಳಿದ್ದಾರೆ, ನೀವೂ ಒಂದು ವಾರದಿಂದ ಕೂಗಿದ್ದೀರಿ. ನಾನೂ ಒಪ್ಪಿದೆ. ಇದೇ ಹೆಸರಿನ, ಎರಡೂ ಹೆಬ್ಬೆರಳಿನ ಗುರುತು ಇರುವ ಬಿಲ್ಲೆಗಳು ನಿಮ್ಮ ಮನೆಗಳಲ್ಲಿ ಇರಬೇಕಲ್ಲ? ಅವರನ್ನು ಕರೆತನ್ನಿ. ಮೊದಲು ಅವರು ಇಳಿಯಲಿ. ಆಮೇಲೆ ನನ್ನ ವಿಷಯ ನೋಡೋಣ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಲಕ್ಷಣಗಳು ಎಲ್ಲರಿಗೂ ಬಾಯಿಪಾಠವಾಗಿದ್ದವು. ಯಾರೋ ಮೆಲ್ಲಗೆ, "ಹಿಂದೆ ಗಂಟೆ ಹೊತ್ತಿಗೆ ಮುಂಚೆ ಬಾರಿಸುತ್ತಿತ್ತು, ನೆನಪಿದೆಯಾ?" ಎಂದರು. ಇನ್ನೊಬ್ಬರು, "ನನಗೆ ಒಂದು ಸಲ ಸುಮ್ಮಸುಮ್ಮನೆ ಹಿತ್ತಾಳೆ ಕೊಡ ಕೊಟ್ಟಿದ್ದಳು" ಎಂದರು. ಮಾತು ಮೆಟ್ಟಿಲು ಹತ್ತಿ ಗೋಪುರಕ್ಕೆ ಹೋಯಿತು. ಗಂಟೆಯವಳು ಕೆಳಗಿಳಿದು ಬಂದಳು.

ಬಟ್ಟೆ ವ್ಯಾಪಾರಿ ನೆಲ ನೋಡುತ್ತ ಕೇಳಿದ: "ಏನಮ್ಮಾ, ನಿನ್ನ ಹತ್ತಿರ ಬಿಲ್ಲೆ ಇದೆಯಾ?"

ಅವಳು ಇಲ್ಲ ಎನ್ನಬಹುದಿತ್ತು. ಗುಂಪಿನ ಹಿಂದೆ ನಿಂತಿದ್ದ ಹಿರಿಯಕ್ಕ ಎಂದೂ ಸುಳ್ಳಾಡಿದವಳಲ್ಲ, ಸುಳ್ಳಾಡಿ ಎಂದು ಯಾರಿಗೂ ಹೇಳಿದವಳಲ್ಲ; ಆ ಗಳಿಗೆಯಲ್ಲಿ ಅವಳು ಬಾಯಿ ಮುಚ್ಚಿಕೊಂಡೇ, ಇಲ್ಲ ಅನ್ನು, ಇಲ್ಲ ಅನ್ನು ಎಂದು ಬೇಡಿಕೊಂಡಳು.

ಗಂಟೆಯವಳು ಅವಳ ಕಡೆಗೇ ನೋಡಿದಳು. ಪಾಠ ಒಪ್ಪಿಸುವಂತೆ, "ಇದೆ. ನೇರವಾಗಿ ಕೇಳಿದಿರಿ, ನೇರವಾಗಿ ಹೇಳಿದೆ" ಎಂದಳು. ಸೆರಗಿನ ಗಂಟು ಬಿಚ್ಚಿ ಬಿಲ್ಲೆ ತೋರಿಸಿದಳು. ಅದೇ ಹೆಸರು; ಎಡಕ್ಕೊಂದು ಹೆಬ್ಬೆರಳು, ಬಲಕ್ಕೊಂದು ಹೆಬ್ಬೆರಳು.

ಅಂದೇ ಅವಳ ಕೈಯಿಂದ ಗಂಟೆಯ ಹಗ್ಗ ಬಿಡಿಸಿದರು. ಬಿಡಿಸಿದವರು ಮುಖಂಡನ ಆಳುಗಳಲ್ಲ, ಅವಳ ಗಂಟೆಗೆ ಎದ್ದು ಉಂಡವರೇ. ಅವಳ ಹಿಂದೆ ಇನ್ನೂ ಒಂಬತ್ತು ಜನ: ಒಬ್ಬ ಮೇಷ್ಟ್ರು, ಒಬ್ಬ ಸೂಲಗಿತ್ತಿ, ಒಬ್ಬ ದೋಣಿಯವನು, ಹೀಗೆ. ಎಲ್ಲರೂ ಇಳಿದರು. ಮುಖಂಡ ಇಳಿಯಲಿಲ್ಲ. ಮರುಸಂತೆಗೆ ಹದಿಮೂರನೆಯ ಬೀದಿಯ ಕಿಟಕಿಗಳು ಮುಚ್ಚಿದವು. ಹೊತ್ತು ಹೇಳಲು ಪಟ್ಟಣದಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಬೆಳಗ್ಗೆ ಹಿರಿಯಕ್ಕ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಬಿಲ್ಲೆಗಳು ಇರುತ್ತಿದ್ದವು. ಬೇರೆ ಬೇರೆ ಹೆಸರಿನವು. ಜನ ತಂದಿಟ್ಟು, ಕಣ್ಣಿಗೆ ಬೀಳದೆ ಹೋಗಿರುತ್ತಿದ್ದರು. ಎದುರಿನ ಮಣೆಯ ಮೇಲೆ ಹೊಸದಾಗಿ ಯಾರೂ ಬಂದು ಕೂರಲಿಲ್ಲ.

ಗಂಟೆಯವಳು ಹೊಳೆಯ ಆಚೆ, ಹಳೆಯ ದೋಣಿ ಚಪ್ಪರದಲ್ಲಿ ಇದ್ದಾಳೆಂದು ಹಾಲಿನವಳು ಬಂದು ಹೇಳಿದಳು. "ಹಾಲು ಕೊಟ್ಟರೆ ತಗೊಳ್ಳಲ್ಲ ಅಮ್ಮನವರೇ. ನಾನೂ ಕೂಗಿದವಳೇ ಅಲ್ವಾ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಹಿರಿಯಕ್ಕ ಎರಡು ಮಣೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಬೋಗುಣಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೊಳೆ ದಾಟಿದಳು. ಏಳು ತಲೆಮಾರಿನಲ್ಲಿ ಆ ಬೋಗುಣಿ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ದೋಣಿ ಚಪ್ಪರದ ಮರಳಿನಲ್ಲಿ ನೊಂದವರ ಮಣೆಯ ಮೇಲೆ ತಾನು ಕೂತಳು, ಇನ್ನೊಂದನ್ನು ಎದುರಿಗೆ ಇಟ್ಟಳು.

"ಮಣ್ಣು ನಾದಿದ್ದು ನಾನು" ಎಂದಳು. "ನೀರಿನಲ್ಲಿ ಒಂದೇ ಕೈ ಇದ್ದದ್ದು ನನಗೆ ಕಂಡಿತ್ತು. ಸುಮ್ಮನಿದ್ದೆ. ತಪ್ಪಾಯಿತು."

ಗಂಟೆಯವಳು ಬೆನ್ನು ತಿರುಗಿಸಿ ಹೊಳೆ ನೋಡುತ್ತಿದ್ದಳು. ಅಲ್ಲಿಲ್ಲದ ಹಗ್ಗವನ್ನು ಅವಳ ಕೈ ಎಳೆಯುತ್ತಿತ್ತು, ಬಿಡುತ್ತಿತ್ತು.

ಎರಡನೆಯ ಬೆಳಗೂ ಹಾಗೆಯೇ. ಮೂರನೆಯ ಬೆಳಗೂ ಹಾಗೆಯೇ. ನಾಲ್ಕನೆಯ ಬೆಳಗು ಅವಳು ತಿರುಗದೆಯೇ ಮಾತಾಡಿದಳು.

"ಮುಂಚೆ ಅದು ಬಂದಾಗ ಹೆಸರು ಹಿಡಿದು ಕರೀತಿದ್ದೆ ಅಮ್ಮನವರೇ. ಒಂದೇ ಬಂದು ಕೂರ್ತಿತ್ತು. ಈಗ ಕರೆದರೆ ಅದರ ಹಿಂದೆ ಇಡೀ ಸಂತೆ ಒಳಗೆ ಬರುತ್ತೆ, ಮುಷ್ಟಿ ಎತ್ತಿಕೊಂಡು. ಎಲ್ಲಿ ಕೂರಿಸಲಿ ಅಷ್ಟು ಜನಾನ?"

ಐದು, ಆರು. ಹಿರಿಯಕ್ಕ ದಿನವೂ ನೀರಿನಲ್ಲಿ ಕೈಯಿಟ್ಟು ಕೂತಳು. ದಿನವೂ ಅದೇ ಮಾತು ಹೇಳಿದಳು, ತಪ್ಪಾಯಿತು. ಅವಳ ಸೆರಗಿನ ಮಡಿಕೆ ಕೆಟ್ಟಿತ್ತು, ಅವಳು ಸರಿಮಾಡಿಕೊಳ್ಳಲಿಲ್ಲ.

ಏಳನೆಯ ಬೆಳಗು ಗಂಟೆಯವಳು ಬಂದು ಎದುರಿನ ಮಣೆಯ ಮೇಲೆ ಕೂತಳು, ಮಂಡಿಗೆ ಮಂಡಿ ತಾಗುವಂತೆ. ಹಿರಿಯಕ್ಕನ ಎದೆ ಒಂದು ಗಳಿಗೆ ಹಗುರಾಯಿತು. ಗಂಟೆಯವಳು ಸೆರಗಿನ ಗಂಟು ಬಿಚ್ಚಿದಳು. ಕೈಯನ್ನು ನೀರಿಗೆ ಇಳಿಸಲಿಲ್ಲ. ಬಿಲ್ಲೆಯನ್ನು ಇಳಿಸಿದಳು.

ಬಿಸಿಲಿನಲ್ಲಿ ಒಣಗಿದ ಮಣ್ಣು ನೀರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಮೊದಲು ಅಂಚು ಕರಗಿತು. ಆಮೇಲೆ ಎಡಗಡೆಯ ಹೆಬ್ಬೆರಳು. ಆಮೇಲೆ ಹೆಸರು. ಬಲಗಡೆಯ ಹೆಬ್ಬೆರಳಿನ ಗೆರೆಗಳು ಎಲ್ಲಕ್ಕಿಂತ ಕೊನೆಗೆ ಹೋದವು. ಹಿರಿಯಕ್ಕನ ಕೈ ಆ ಕೆಸರಿನಲ್ಲಿ ಇತ್ತು. ಎದುರಿನಿಂದ ಯಾವ ಅಲೆಯೂ ಅವಳಿಗೆ ಬರಲಿಲ್ಲ.

"ನಿಮ್ಮದು ನಿಮಗೆ ಸಂದಿತು" ಎಂದಳು ಗಂಟೆಯವಳು. ಅದೇ ಅವಳು ಆಡಿದ ಕೊನೆಯ ಮಾತು. ಆಮೇಲೆ ಯಾರು ಯಾವ ಹೆಸರಿನಿಂದ ಕರೆದರೂ ಅವಳು ತಿರುಗಲಿಲ್ಲ, ತಾಯಿ ಇಟ್ಟ ಹೆಸರಿನಿಂದ ಕರೆದರೂ.

ಹಿರಿಯಕ್ಕ ಒಂದು ಹನಿ ಚೆಲ್ಲದಂತೆ ಆ ಕೆಸರು ನೀರನ್ನು ಹೊತ್ತುಕೊಂಡು ಮನೆಗೆ ಬಂದಳು. ಹೆಸರು ಹೇಳುವವನು ಜಗಲಿಯಲ್ಲಿ ಕೂತಿದ್ದ. ಅವಳು ಬೋಗುಣಿಯನ್ನು ಅವನ ಮುಂದೆ ಇಟ್ಟಳು.

"ನಾನು ಅವಳ ವಿಷಯ ಒಂದು ಮಾತೂ ಆಡಲಿಲ್ಲ ಅಕ್ಕಾ" ಎಂದ ಅವನು. ಎಷ್ಟೋ ದಿನದಿಂದ ತನಗೆ ತಾನೇ ಹೇಳಿಕೊಂಡಿದ್ದ ಮಾತು. "ನಾನು ಹೇಳಿದ್ದು ಗುಡ್ಡದ ಮೇಲಿನವನಿಗೆ."

"ಅವನಿಗೆ ಅದು ತಲುಪಲಿಲ್ಲ. ಇವಳಿಗೆ ತಲುಪಿತು."

"ಹಾಗಾದರೆ ಸುಮ್ಮನಿರಬೇಕಿತ್ತಾ? ಅಜ್ಜಿ ಇಟ್ಟಿಗೆ ನೋಡುತ್ತಾ ಸತ್ತಳು."

"ಅದನ್ನೇ ಹೇಳಬೇಕಿತ್ತು. ಅವನು ಕಿಟಕಿ ಮುಚ್ಚಿಸಿದ, ಅಜ್ಜಿ ಸತ್ತಳು, ಇಳಿ ಎಂದು. ಅಷ್ಟು ಹೇಳಲು ಬೋಗುಣಿ ಬೇಕಿರಲಿಲ್ಲ, ಮಣೆ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಅವನು ಮಾಡಿದ್ದನ್ನು ಬಿಟ್ಟು ಇವಳು ಅನುಭವಿಸಿದ್ದನ್ನು ತೆಗೆದುಕೊಂಡು ಹೋಗಿ ಅವನ ಮೇಲೆ ಎಸೆದೆ."

ಅವನು ಬೋಗುಣಿಯನ್ನು ನೋಡಿದ. ಕೆಸರು ತಳಕ್ಕೆ ಇಳಿಯುತ್ತಿತ್ತು.

"ನನ್ನ ಕೈ ನಡುಗಿತ್ತಾ?"

"ನಡುಗಿತ್ತು."

"ನೀನು ಯಾಕೆ ಆಗ ಹೇಳಲಿಲ್ಲ?"

"ಅದಕ್ಕೆ ನಾನು ಏಳು ಬೆಳಗು ತಪ್ಪಾಯಿತು ಎಂದಿದ್ದೇನೆ. ಅವಳು ತೆಗೆದುಕೊಳ್ಳಲಿಲ್ಲ. ನಿನ್ನದನ್ನೂ ತೆಗೆದುಕೊಳ್ಳುವುದಿಲ್ಲ. ಹೊಳೆಯ ಆಚೆ ಅವಳಿದ್ದಾಳೆ, ಪಟ್ಟಣದಲ್ಲಿ ಇನ್ನೂ ಒಂಬತ್ತು ಮನೆಗಳಿವೆ. ವಿವರಣೆ ಕೊಡಬೇಡ. ಗುಡ್ಡದ ಮೇಲಿನವನ ಮಾತು ಎತ್ತಬೇಡ. ಮಣೆ ತೆಗೆದುಕೋ. ಹೋಗಿ ಅವರ ಎದುರು ಕೂತು ಕ್ಷಮೆ ಕೇಳು."